ಜೇಬಿನಲ್ಲಿ ಚಾಕು ಇದ್ದರೆ ತಪ್ಪೇನು?

ಮೂರು ತಿಂಗಳ ಹಿಂದಿನ ಮಾತು. ಸಂಜೆ ಆರೂವರೆ ಇರಬೇಕು. ಕತ್ರಿಗುಪ್ಪೆ ಸಿಗ್ನಲ್‌ನಲ್ಲಿ ರಿಂಗ್ ರೋಡ್ ದಾಟಲು ನಿಂತಿದ್ದೆ. ಕೆಂಪು ದೀಪ ಬಿದ್ದು ಗಾಡಿಗಳು ನಿಧಾನವಾಗುತ್ತಿದ್ದಂತೆ, ಬೈಕೊಂದರ ಹಿಂದೆ ಕುಳಿತಿದ್ದ ಮಹಿಳೆ ಚೀರಿದರು. ಅವರ ವೇಲ್ ಹಿಂದಿನ ಚಕ್ರಕ್ಕೆ ಸುತ್ತಿಕೊಂಡಿತ್ತು. ಪುಣ್ಯಕ್ಕೆ ಬೈಕ್ ಆಗಲೇ ನಿಲ್ಲುವುದರಲ್ಲಿತ್ತು. ಆದರೆ ಬಟ್ಟೆ ಹಗ್ಗದಂತೆ ಬಿಗಿದು ಅವರ ಕುತ್ತಿಗೆಯನ್ನು ಒಂದು ಪಕ್ಕಕ್ಕೆ ಎಳೆದಿತ್ತು. ಓಡಿಸುತ್ತಿದ್ದವರು ಇಳಿಯಲೂ ಆಗದೆ, ಗಾಡಿಯನ್ನು ಹಿಂದಕ್ಕೆ ತಳ್ಳಲೂ ಆಗದೆ ಎರಡೂ ಕಾಲು ಊರಿಕೊಂಡು ಒದ್ದಾಡುತ್ತಿದ್ದರು. ಸುತ್ತ ಹತ್ತಾರು ಜನ. ‘ಚಕ್ರ ಹಿಂದಕ್ಕೆ ತಿರುಗ್ಸಿ’, ‘ಎಳೀಬೇಡಿ, ಎಳೀಬೇಡಿ’, ‘ಯಾರ ಹತ್ರಾನಾದ್ರೂ ಬ್ಲೇಡ್ ಇದ್ಯಾ?’

ನನ್ನ ಹತ್ತಿರ ಇತ್ತು. ಬ್ಯಾಗಿನ ಪಕ್ಕದ ಜೇಬಿನಿಂದ ಮಡಚುವ ಚಾಕು ತೆಗೆದು, ಕುತ್ತಿಗೆಯಿಂದ ದೂರ, ಚಕ್ರಕ್ಕೆ ಹತ್ತಿರ ಬಟ್ಟೆಗೆ ತಾಗಿಸಿದೆ. ಬಿಗಿದ ಬಟ್ಟೆ, ಒಂದೇ ಎಳೆತಕ್ಕೆ ಹರಿಯಿತು. ಅವರು ಫುಟ್‌ಪಾತ್ ಮೇಲೆ ಕುಳಿತು ನೀರು ಕುಡಿದರು. ನನ್ನ ಕೈ ಹಿಡಿದುಕೊಂಡರು, ಮಾತು ಹೊರಡಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಒಬ್ಬರು ಕೇಳಿದರು: ‘ಏನಮ್ಮಾ, ಚಾಕು ಇಟ್ಕೊಂಡು ಓಡಾಡ್ತೀಯಾ?’

ಅರ್ಧ ನಿಮಿಷದ ಹಿಂದೆ ‘ಬ್ಲೇಡ್ ಇದ್ಯಾ’ ಎಂದು ಕೂಗಿದವರೂ ಅವರೇ!

ಆ ಪ್ರಶ್ನೆಗೆ ಆ ಹೊತ್ತಿನಲ್ಲಿ ಉತ್ತರ ಹೊಳೆಯಲಿಲ್ಲ. ಹೌದು, ಇಟ್ಟುಕೊಂಡು ಓಡಾಡುತ್ತೇನೆ. ಎರಡು ವರ್ಷದಿಂದ. ಇಂಟರ್ನ್‌ಶಿಪ್‌ನಲ್ಲಿ ಸಿಕ್ಕ ಮೊದಲ ದುಡ್ಡಿನಲ್ಲಿ ಕೊಂಡದ್ದು. ಮಡಚಿದರೆ ನನ್ನ ಹೆಬ್ಬೆರಳಿಗಿಂತ ತುಸು ಉದ್ದ. ಒಳಗೆ ಒಂದು ಚಾಕು, ಒಂದು ಕತ್ತರಿ, ಎರಡು ಸ್ಕ್ರೂಡ್ರೈವರ್, ಬಾಟಲಿ ಮುಚ್ಚಳ ತೆಗೆಯುವ ಓಪನರ್, ತೂತು ಕೊರೆಯುವ ಮೊಳೆಯಂಥದೊಂದು, ಮುಳ್ಳು ತೆಗೆಯುವ ಚಿಮಟ. ಇಷ್ಟರಲ್ಲಿ ಚಾಕು ಏಳರಲ್ಲಿ ಒಂದು ಮಾತ್ರ. ಆದರೆ ನೋಡಿದವರ ಕಣ್ಣಿಗೆ ಬೀಳುವುದು ಅದೊಂದೇ.

ಬಿದ್ದ ಮೇಲೆ ಬರುವ ಮಾತುಗಳಲ್ಲೂ ಒಂದು ತಮಾಷೆಯಿದೆ. ಹುಡುಗಿಯ ಹತ್ತಿರ ಚಾಕು ಕಂಡರೆ, ‘ಒಳ್ಳೇದೇ ಬಿಡಮ್ಮ, ಕಾಲ ಕೆಟ್ಟಿದೆ’ ಅನ್ನುತ್ತಾರೆ. ನನ್ನ ಪಿ.ಜಿ. ಆಂಟಿ ಹೇಳಿದ್ದು ಇದನ್ನೇ. ಅದೇ ಚಾಕು ನನ್ನ ಸಹಪಾಠಿ ಹುಡುಗನ ಕೀಚೈನಿನಲ್ಲಿ ಕಂಡಾಗ ಅವನ ಮನೆ ಮಾಲೀಕರು, ‘ಏನೋ ಇದು, ರೌಡಿ ಥರ?’ ಎಂದರಂತೆ. ಅಂದರೆ ಹುಡುಗಿಯ ಕೈಯಲ್ಲಿದ್ದರೆ ಭಯ, ಹುಡುಗನ ಕೈಯಲ್ಲಿದ್ದರೆ ಪುಂಡಾಟ. ಇಬ್ಬರಿಗೂ ಏನೋ ಸಣ್ಣ ಕೆಲಸ ಇರಬಹುದು ಎಂದು ಯಾರಿಗೂ ಅನ್ನಿಸುವುದಿಲ್ಲ.

ಕೆಲಸ ಎಂದರೆ ಎಂಥದು? ಹೋದ ವಾರದ ಲೆಕ್ಕ ಕೊಡುತ್ತೇನೆ. ಸೋಮವಾರ ರೂಮ್‌ಮೇಟ್‌ಳ ಕನ್ನಡಕದ ಸಡಿಲ ಸ್ಕ್ರೂ ಬಿಗಿ ಮಾಡಿದೆ. ಮಂಗಳವಾರ ಜೆರಾಕ್ಸ್ ಅಂಗಡಿ ಮುಂದೆ ನಿಂತು ಅರ್ಜಿಗೆ ಅಂಟಿಸುವ ಪಾಸ್‌ಪೋರ್ಟ್ ಫೋಟೊ ಕತ್ತರಿಸಿದೆ. ನನ್ನ ಹಿಂದಿದ್ದ ಇಬ್ಬರು ಅದೇ ಕತ್ತರಿ ಕೇಳಿ ಪಡೆದರು. ಗುರುವಾರ ಇಸ್ತ್ರಿಪೆಟ್ಟಿಗೆಯ ಪ್ಲಗ್ ಅಲ್ಲಾಡುತ್ತಿತ್ತು. ಗೋಡೆಯಿಂದ ಅದನ್ನು ಕಿತ್ತು, ಬಿಚ್ಚಿ ನೋಡಿದರೆ ಒಂದು ವಯರು ಸ್ಕ್ರೂನಿಂದ ಜಾರಿತ್ತು. ಐದು ನಿಮಿಷದ ಕೆಲಸ. ಶನಿವಾರ ಬೆಲ್ಟ್‌ಗೆ ಇನ್ನೊಂದು ತೂತು ಬೇಕಾಯಿತು. ಉಳಿದ ದಿನ ಪಾರ್ಸೆಲ್ ಟೇಪು, ಕುರ್ತಾದ ದಾರ, ಒಂದು ಸೇಬು. ಇದರಲ್ಲಿ ಯಾವುದೂ ದೊಡ್ಡ ಸಾಹಸವಲ್ಲ. ಇವೆಲ್ಲ ಸಾಮಾನ್ಯವಾಗಿ ‘ಆಮೇಲೆ ನೋಡೋಣ’ ಪಟ್ಟಿಗೆ ಸೇರಿ, ಅಲ್ಲೇ ಉಳಿಯುವ ಕೆಲಸಗಳು.

ನಾನು ಬೆಳೆದದ್ದು ಸಿದ್ದಾಪುರದ ಕಡೆ. ಅಪ್ಪ ತೋಟಕ್ಕೆ ಹೊರಟರೆ ಸೊಂಟದ ಹಿಂದೆ ಕೊಕ್ಕೆ, ಅದರಲ್ಲಿ ಕತ್ತಿ. ಹಾಗೆಯೇ ಅಂಗಡಿಗೆ ಹೋಗುತ್ತಾರೆ, ದಾರಿಯಲ್ಲಿ ಸಿಕ್ಕವರ ಜೊತೆ ಅರ್ಧ ಗಂಟೆ ಮಾತಾಡುತ್ತಾರೆ. ‘ಕತ್ತಿ ಯಾಕೆ’ ಎಂದು ಯಾರೂ ಕೇಳಿದ್ದಿಲ್ಲ. ಅಜ್ಜಿಯ ಎಲೆಯಡಿಕೆ ಸಂಚಿಯಲ್ಲಿ ಅಡಕತ್ತರಿ ಸದಾ ಇರುತ್ತಿತ್ತು. ಬಸ್ಸಿನಲ್ಲೂ, ಮದುವೆ ಮನೆಯಲ್ಲೂ. ಕೊಡಗಿನಲ್ಲಿ ಮದುಮಗ ಕುಪ್ಪಸದ ಮೇಲೆ ಚೇಲೆ ಕಟ್ಟಿ ಪೀಚೆಕತ್ತಿ ಸಿಕ್ಕಿಸಿಕೊಳ್ಳುವುದು ಗೌರವದ ಗುರುತು. ಸಿಖ್ಖರು ಕೃಪಾಣ ಧರಿಸುವುದನ್ನು ನಮ್ಮ ಸಂವಿಧಾನದ 25ನೇ ವಿಧಿಯೇ ಒಪ್ಪಿಕೊಂಡಿದೆ. ಅಂದರೆ ಅಲಗು ಜೊತೆಗಿದ್ದ ಮಾತ್ರಕ್ಕೆ ಮನುಷ್ಯ ಕೆಟ್ಟವನಾಗುವುದಿಲ್ಲ ಎಂಬುದು ನಮಗೆ ಗೊತ್ತಿರುವ ವಿಷಯವೇ. ಆದರೆ ನಗರಕ್ಕೆ ಬಂದೊಡನೆ ಚಾಕು ಅಂದರೆ ಪತ್ರಿಕೆಯ ‘ಚಾಕು ಇರಿತ’ ಸುದ್ದಿ ಮಾತ್ರ. ಹೆಸರಿನಲ್ಲೇ ಕತ್ತರಿ ಇರುವ ನಮ್ಮ ಬಡಾವಣೆಯಲ್ಲಿ ಕೂಡ!

ಇಂಥ ಚಾಕು ಹುಟ್ಟಿದ್ದು ಕೂಡ ಇರಿಯುವುದಕ್ಕಲ್ಲ. ಸ್ವಿಟ್ಜರ್ಲೆಂಡ್‌ನ ಸೇನೆ 1889ರಲ್ಲಿ ಹೊಸ ರೈಫಲ್ ಆರಿಸಿಕೊಂಡಿತು. ಅದನ್ನು ಬಿಚ್ಚಲು ಸ್ಕ್ರೂಡ್ರೈವರ್ ಬೇಕಿತ್ತು, ಡಬ್ಬಿಯ ಆಹಾರ ತೆರೆಯಲು ಓಪನರ್ ಬೇಕಿತ್ತು. ಎರಡನ್ನೂ ಚಾಕುವಿನ ಜೊತೆ ಒಂದೇ ಹಿಡಿಯೊಳಗೆ ಮಡಚಿಟ್ಟರು. ಇಬಾಕ್ ಎಂಬ ಊರಿನಲ್ಲಿ 1884ರಲ್ಲಿ ಚಾಕುವಿನ ಕಾರ್ಖಾನೆ ತೆರೆದಿದ್ದ ಕಾರ್ಲ್ ಎಲ್ಸೆನರ್ 1891ರಿಂದ ಅವನ್ನು ಸೇನೆಗೆ ಒದಗಿಸಿದರು. ಇವತ್ತಿನ ವಿಕ್ಟೋರಿನಾಕ್ಸ್ ಕಂಪನಿ ಅದೇ.

ನಮ್ಮಂಥ ಕೆಲಸ ಹುಡುಕುವವರಿಗೆ ಹೆಚ್ಚು ಹತ್ತಿರದ್ದು ಇನ್ನೊಂದು ಕಥೆ. ಅಮೆರಿಕದ ಟಿಮ್ ಲೆದರ್‌ಮನ್ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. 1975ರಲ್ಲಿ ಹೆಂಡತಿಯ ಜೊತೆ ಹಳೆಯ ಫಿಯೆಟ್ ಕಾರಿನಲ್ಲಿ ಯುರೋಪ್ ಸುತ್ತುತ್ತಿದ್ದರು. ಕಾರು ಪದೇ ಪದೇ ಕೈಕೊಡುತ್ತಿತ್ತು, ಅಗ್ಗದ ಹೋಟೆಲ್‌ಗಳ ನಲ್ಲಿ ಸೋರುತ್ತಿತ್ತು. ಜೇಬಿನ ಚಾಕುವಿನಲ್ಲಿ ಇಕ್ಕಳ ಒಂದಿದ್ದರೆ ಎಂದು ಅವರಿಗೆ ಅನ್ನಿಸಿತು. ಊರಿಗೆ ಮರಳಿ, ಒಂದು ತಿಂಗಳಲ್ಲಿ ಮಾಡಿಬಿಡುತ್ತೇನೆ ಎಂದುಕೊಂಡು ಗ್ಯಾರೇಜು ಸೇರಿದರು. ಮಾದರಿ ಸಿದ್ಧವಾಗಲು ಮೂರು ವರ್ಷ ಹಿಡಿಯಿತು, ಅಷ್ಟೂ ದಿನ ಮನೆ ನಡೆಸಿದ್ದು ಹೆಂಡತಿಯ ಸಂಬಳ. ಆಮೇಲೆ ಕಂಪನಿಯಿಂದ ಕಂಪನಿಗೆ ಅಲೆದರೂ ‘ಬೇಡ’ ಎಂಬ ಉತ್ತರವೇ. ಮಾರಾಟ ಶುರುವಾದದ್ದು 1983ರಲ್ಲಿ. ಸೋರುವ ನಲ್ಲಿ ಕಂಡರೆ ಬೈದುಕೊಳ್ಳುವವರೇ ಹೆಚ್ಚು; ಅವರು ಇಕ್ಕಳ ಹುಡುಕಿದರು.

ಹಾಗೆಂದು ಎಲ್ಲರೂ ಚಾಕು ಹಿಡಿದು ಎಲ್ಲೆಂದರಲ್ಲಿ ನುಗ್ಗಿ ಎಂದು ನಾನು ಹೇಳುತ್ತಿಲ್ಲ. ಇಟ್ಟುಕೊಳ್ಳುವವರಿಗೆ ಕಾನೂನು ಗೊತ್ತಿರಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳು. ಅವುಗಳಲ್ಲೂ ಮನೆಬಳಕೆ, ಕೃಷಿ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದವನ್ನು ಹೊರಗಿಟ್ಟಿದ್ದಾರೆ. ಅಂದರೆ ಕಾನೂನು ಉದ್ದ ಅಗಲದ ಜೊತೆಗೆ ವಸ್ತು ಯಾವುದಕ್ಕಾಗಿ ಇದೆ ಎಂದೂ ಕೇಳುತ್ತದೆ. ನಮ್ಮ ಜನ ಕೇಳದ ಪ್ರಶ್ನೆ ಇದೇ. ಆದರೆ ನಿಷೇಧಾಜ್ಞೆ ಜಾರಿಯಲ್ಲಿರುವಾಗ, ಸಭೆ ಮೆರವಣಿಗೆಗಳಿಗೆ ಹೋಗುವಾಗ ಅದು ಮನೆಯಲ್ಲೇ ಇರಬೇಕು. ಮೆಟ್ರೊ ಹತ್ತುವ ದಿನ ನಾನು ಅದನ್ನು ಡ್ರಾಯರ್‌ನಲ್ಲಿ ಬಿಟ್ಟು ಹೋಗುತ್ತೇನೆ. ವಿಮಾನದಲ್ಲಿ ಕೈಚೀಲಕ್ಕೆ ಹಾಕುವಂತಿಲ್ಲ, ಚೆಕ್-ಇನ್ ಬ್ಯಾಗಿಗೆ ಹೋಗಬೇಕು. ಪರೀಕ್ಷಾ ಕೇಂದ್ರಕ್ಕಂತೂ ಒಯ್ಯಲೇಬಾರದು.

ಈ ಕೊನೆಯದನ್ನು ಕಲಿತದ್ದು ನನ್ನದೇ ತಪ್ಪಿನಿಂದ. ಕಳೆದ ವರ್ಷ ಒಂದು ನೇಮಕಾತಿ ಪರೀಕ್ಷೆ. ಲೋಹದ ವಸ್ತು ತರಬಾರದೆಂದು ಪ್ರವೇಶಪತ್ರದಲ್ಲಿ ಬರೆದೇ ಇತ್ತು. ಗಡಿಬಿಡಿಯಲ್ಲಿ ಜೀನ್ಸ್ ಜೇಬು ನೋಡಿಕೊಂಡಿರಲಿಲ್ಲ. ಗೇಟಿನಲ್ಲಿ ಮೆಟಲ್ ಡಿಟೆಕ್ಟರ್ ಕೂಗಿತು. ಕಾವಲಿಗಿದ್ದವರು ಒಳ್ಳೆಯ ಮಾತಿನಲ್ಲೇ ಹೇಳಿದರು: ‘ಹೊರಗೆ ಎಲ್ಲಾದ್ರೂ ಇಟ್ಟು ಬನ್ನಿ, ಹತ್ತು ನಿಮಿಷಕ್ಕೆ ಗೇಟ್ ಮುಚ್ತೀವಿ.’ ಅಕ್ಕಪಕ್ಕ ಪರಿಚಯದವರು ಯಾರೂ ಇಲ್ಲ. ಒಂದು ವರ್ಷ ಓದಿದ ಪರೀಕ್ಷೆ. ಮೋರಿಗೆ ಎಸೆದು ಒಳಗೆ ಓಡಲೇ ಎನ್ನಿಸಿತು. ಆಗ ಎದುರು ಮರದಡಿ ಎಳನೀರು ಮಾರುವವರು ಕಂಡರು. ಕೈಯಲ್ಲಿ ಮೊಳದುದ್ದದ ಮಚ್ಚು. ‘ಅಣ್ಣಾ, ಇದನ್ನ ಸ್ವಲ್ಪ ಇಟ್ಕೊಂಡಿರ್ತೀರಾ? ಪರೀಕ್ಷೆ ಮುಗಿಸಿ ಬರ್ತೀನಿ.’ ಅವರು ಚಾಕು ಬಿಚ್ಚಿ ನೋಡಿ ನಕ್ಕರು: ‘ಇದ್ರಲ್ಲಿ ಏನ್ ಕುಯ್ತೀಯಮ್ಮಾ, ಸ್ಟ್ರಾ?’

ಮಧ್ಯಾಹ್ನ ಬಂದಾಗ ಭದ್ರವಾಗಿ ವಾಪಸು ಕೊಟ್ಟರು. ‘ತಪ್ಪು ತಿಳ್ಕೋಬೇಡ, ಛತ್ರಿ ಸ್ಕ್ರೂ ಲೂಸಾಗಿತ್ತು, ಇದ್ರಲ್ಲೇ ಟೈಟ್ ಮಾಡ್ಕೊಂಡೆ’ ಎಂದರು. ನಾನು ಒಂದು ಎಳನೀರು ಕುಡಿದೆ. ದುಡ್ಡು ಬೇಡವೆಂದರು, ಒತ್ತಾಯ ಮಾಡಿ ಕೊಟ್ಟೆ. ಅವರ ಮಚ್ಚನ್ನು ನೋಡಿ ಯಾರೂ ಹೆದರುವುದಿಲ್ಲ, ಯಾಕೆಂದರೆ ಪಕ್ಕದಲ್ಲೇ ಎಳನೀರಿನ ರಾಶಿ ಇದೆ. ಜೇಬಿನ ಚಾಕುವಿನ ಕೆಲಸ ಹಾಗೆ ಹೊರಗೆ ಕಾಣಿಸುವುದಿಲ್ಲ. ಕಾಣುವಂತೆ ಬಳಸುವುದು ಇಟ್ಟುಕೊಂಡವರ ಹೊಣೆ.

ಇನ್ನು ‘ಕಾಲ ಕೆಟ್ಟಿದೆ’ ಎನ್ನುವವರಿಗೆ, ಮುಖ್ಯವಾಗಿ ನನ್ನ ಗೆಳತಿಯರಿಗೆ, ಒಂದು ಮಾತು. ಇದು ರಕ್ಷಣೆಯ ಸಾಧನ ಅಲ್ಲವೇ ಅಲ್ಲ. ನನ್ನ ಚಾಕುವಿನ ಅಲಗಿಗೆ ಲಾಕ್ ಇಲ್ಲ. ಚುಚ್ಚಲು ಹೋದರೆ ಅದು ಮಡಚಿಕೊಂಡು ನಮ್ಮ ಬೆರಳನ್ನೇ ಕುಯ್ಯುತ್ತದೆ. ಎದುರಿನವನು ಕಿತ್ತುಕೊಂಡರೆ ಕಥೆ ಅಲ್ಲಿಗೆ ಮುಗಿಯಿತು. ಅಪಾಯ ಅನ್ನಿಸಿದರೆ ಜನರಿರುವ ಕಡೆ ಓಡಬೇಕು, ಕೂಗಬೇಕು, 112ಕ್ಕೆ ಕರೆ ಮಾಡಬೇಕು. ಹುಡುಗರಿಗೂ ಅಷ್ಟೇ: ಜಗಳದ ಜಾಗದಲ್ಲಿ ಜೇಬಿಗೆ ಕೈ ಹೋಗುತ್ತದೆ ಅನ್ನುವ ಸ್ವಭಾವ ನಿಮ್ಮದಾದರೆ, ದಯವಿಟ್ಟು ಇದನ್ನು ಕೊಳ್ಳಬೇಡಿ. ಹೆದರುವ ಜನರಲ್ಲಿ ತಪ್ಪಿಲ್ಲ. ಚಾಕುವಿನಿಂದ ಮಕ್ಕಳನ್ನು ಕಳೆದುಕೊಂಡ ಮನೆಗಳು ಈ ಊರಿನಲ್ಲಿವೆ.

ಈ ಭಯ ಎಲ್ಲ ಕಡೆ ಇದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ವಿಮಾನ ನಿಲ್ದಾಣಗಳಲ್ಲಿ ಚಾಕು ನಿಷೇಧವಾಗಿ, ಸ್ವಿಸ್ ಚಾಕುವಿನ ಮಾರಾಟವೇ ಕುಸಿದಿತ್ತು. ಬ್ಲೇಡೇ ಇಲ್ಲದ ಮಾದರಿಗಳನ್ನು ರೂಪಿಸುತ್ತಿರುವುದಾಗಿ ಆ ಕಂಪನಿ 2024ರಲ್ಲಿ ಹೇಳಿತು. ಬಂದರೆ ನಾನೂ ಒಂದು ಕೊಳ್ಳುತ್ತೇನೇನೋ. ಸ್ಕ್ರೂ ಬಿಗಿ ಮಾಡಲು, ಫೋಟೊ ಕತ್ತರಿಸಲು ಅದೂ ಸಾಕು. ಆದರೆ ಸಿಗ್ನಲ್‌ನಲ್ಲಿ ಬಿಗಿದಿದ್ದ ಆ ವೇಲ್‌ಗೆ ಸಾಕಾಗುತ್ತಿರಲಿಲ್ಲ.

‘ಹತ್ತು ನಿಮಿಷದಲ್ಲಿ ಎಲ್ಲ ಮನೆ ಬಾಗಿಲಿಗೇ ಬರುತ್ತೆ, ಇದೆಲ್ಲ ಯಾಕೆ?’ ಎಂದು ಕೇಳುವ ಗೆಳೆಯರಿದ್ದಾರೆ. ಬರುತ್ತದೆ, ನಿಜ. ಆದರೆ ಆ್ಯಪ್ ತೆರೆಯುವ ಮುಂಚೆ ‘ಇದನ್ನು ನಾನೇ ಬಿಚ್ಚಿ ನೋಡಲಾ?’ ಎಂಬ ಯೋಚನೆ ಬರುವುದು ಕೈಯಲ್ಲಿ ಉಪಕರಣ ಇದ್ದಾಗ ಮಾತ್ರ. ಕೆಲಸ ಸಿಗದೆ ದಿನಗಳು ಉದ್ದವಾಗುವ ಕಾಲದಲ್ಲಿ ಈ ಯೋಚನೆಯ ಬೆಲೆ ನನಗೆ ಗೊತ್ತಾಗಿದೆ. ಇಂಟರ್‌ವ್ಯೂ ಕರೆ ಬರುವುದು, ಫಲಿತಾಂಶ ಬರುವುದು, ನೇಮಕಾತಿ ಮುಂದಕ್ಕೆ ಹೋಗುವುದು ಯಾವುದೂ ನಮ್ಮ ಕೈಯಲ್ಲಿಲ್ಲ. ಅಂಥ ದಿನ ಅಲ್ಲಾಡುವ ಒಂದು ಪ್ಲಗ್ಗನ್ನು ಸರಿ ಮಾಡಿ ಮಲಗಿದರೆ, ಆ ದಿನ ಪೂರ್ತಿ ವ್ಯರ್ಥ ಅನ್ನಿಸುವುದಿಲ್ಲ.

ಅವತ್ತು ಸಿಗ್ನಲ್‌ನಲ್ಲಿ ಕೇಳಿದ ಯಜಮಾನರು ಮತ್ತೆ ಸಿಕ್ಕರೆ ಹೇಳುತ್ತೇನೆ: ‘ಹೌದು ಸರ್, ಇಟ್ಕೊಂಡು ಓಡಾಡ್ತೀನಿ. ನಿಮಗೇನಾದ್ರೂ ಬೇಕಿತ್ತಾ?’