ನೋವಿಗೂ ಎರಡು ವರ್ಷದ ಗಡುವೇ?

ರಾಣೇಬೆನ್ನೂರಿನ ಸರಕಾರಿ ಆಸ್ಪತ್ರೆಯಲ್ಲಿ 2010ರಿಂದ 2017ರವರೆಗೆ ನಡೆದ ಗರ್ಭಕೋಶ ಶಸ್ತ್ರಚಿಕಿತ್ಸೆಗಳ ಸುದ್ದಿ ನಿಮಗೆಲ್ಲ ನೆನಪಿರಬಹುದು. ಸುಮಾರು ಒಂದೂವರೆ ಸಾವಿರ ಸ್ತ್ರೀಯರು. ಬಹುಮಂದಿ ಲಂಬಾಣಿ ತಾಂಡಾಗಳವರು. ಅಗತ್ಯವಿಲ್ಲದೆಯೇ ಗರ್ಭಕೋಶ ತೆಗೆಯಲಾಯಿತೆಂಬುದು ಅವರ ದೂರು. ಅವರು ಪರಿಹಾರ ಬೇಡುತ್ತ ಬೀದಿಗಿಳಿದಾಗ, "ಇಷ್ಟು ವರ್ಷ ಸುಮ್ಮನಿದ್ದು ಈಗೇಕೆ?" ಎಂದು ಕೇಳಿದವರು ನಮ್ಮಲ್ಲಿಯೂ ಇದ್ದರು. ಈ ಪ್ರಶ್ನೆಯೇ ನನಗೆ ಅನ್ಯಾಯವೆನಿಸುತ್ತದೆ.

ಗ್ರಾಹಕ ಕಾನೂನಿನಲ್ಲಿ ದೂರಿಗೆ ಎರಡು ವರ್ಷಗಳ ಗಡುವಿದೆ. 1986ರ ಕಾಯಿದೆಗೆ 1993ರಲ್ಲಿ ಸೇರಿದ ಈ ನಿಯಮ 2019ರ ಕಾಯಿದೆಯಲ್ಲಿಯೂ ಉಳಿದಿದೆ. ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸಬಹುದು, ನಿಜ. ಆದರೆ ಎಣಿಕೆ ಯಾವ ದಿನದಿಂದ? ಗೋವೆಯ ದಾದಿಯೊಬ್ಬರಿಗೆ 1993ರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಹೊಟ್ಟೆಯಲ್ಲಿ ಉಳಿದಿದ್ದ ಬಟ್ಟೆ ಪತ್ತೆಯಾದದ್ದು 2002ರಲ್ಲಿ. ವರ್ಷಗಟ್ಟಲೆ ನೋವಿದ್ದೂ, ಸ್ವತಃ ದಾದಿಯಾಗಿದ್ದೂ ಆಕೆ ವಿಚಾರಿಸಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಆ ದೂರನ್ನು ಅವಧಿ ಮೀರಿದ್ದೆಂದಿತು. ದಾದಿಗೆ ಆ ಮಾತು ಒಪ್ಪಬಹುದೇನೋ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಿನವಿಡೀ ಬಗ್ಗಿ ತೊಟ್ಟು ಬಿಡಿಸುವ ಹೆಣ್ಣುಮಗಳಿಗೆ ಹೇಗೆ ಒಪ್ಪೀತು? ಸೊಂಟನೋವು ಕೂಲಿಯಿಂದ ಬಂದದ್ದೋ ಕತ್ತರಿಯಿಂದ ಬಂದದ್ದೋ ಆಕೆಗೆ ತಿಳಿಸುವವರು ಯಾರು?

ಇನ್ನೊಂದು ತೊಡಕು: ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆ ಗ್ರಾಹಕ ಕಾನೂನಿನ ಹೊರಗೆಂದು 1995ರ ತೀರ್ಪು ಹೇಳುತ್ತದೆ. ಆಗ ಬಡವಳಿಗೆ ಉಳಿಯುವುದು ದೀರ್ಘವೂ ದುಬಾರಿಯೂ ಆದ ಸಿವಿಲ್ ದಾವೆ. ಅಲ್ಲಿಯೂ ಕಾಲಮಿತಿ ತಪ್ಪಿದ್ದಲ್ಲ.

ವೈದ್ಯರ ಅಳಲೂ ಸುಳ್ಳಲ್ಲ. ಇಪ್ಪತ್ತು ವರ್ಷದ ಹಿಂದಿನ ಶಸ್ತ್ರಚಿಕಿತ್ಸೆಗೆ ಇಂದು ಸಾಕ್ಷಿ ತರುವುದು ಕಷ್ಟ. ಆದ್ದರಿಂದ ಗಡುವೇ ಬೇಡವೆಂದು ನಾನು ವಾದಿಸುವುದಿಲ್ಲ. ರೋಗಿಗೆ ತಪ್ಪು ತಿಳಿದ ದಿನದಿಂದ ಅದು ಆರಂಭವಾಗಲಿ, ಮತ್ತು "ತಿಳಿಯಬೇಕಾಗಿತ್ತು" ಎನ್ನುವಾಗ ಆಕೆಯ ಓದು, ಊರು, ದುಡಿಮೆಗಳನ್ನು ನೋಡಲಿ ಎಂಬುದಷ್ಟೇ ನನ್ನ ಅಭಿಪ್ರಾಯ.

ಕಾಗದಪತ್ರಗಳ ಸಂಗತಿ ಇದಕ್ಕಿಂತ ತುರ್ತಿನದು. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಇಟ್ಟರೆ ಸಾಕು. ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಐದನೆಯ ವರ್ಷ ಸಂಶಯ ಬಂದವಳಿಗೆ ಸಿಗುವುದು ಖಾಲಿ ಕಪಾಟು! ನನ್ನಲ್ಲಿ ಓದಿದ ಹಲವರು ಇಂದು ಹಾವೇರಿ, ರಾಣೇಬೆನ್ನೂರುಗಳಲ್ಲಿ ವಕೀಲರಾಗಿದ್ದೀರಿ. ಬಿಡುವಿನ ಒಂದು ಭಾನುವಾರ ಹತ್ತಿರದ ತಾಂಡಾಕ್ಕೆ ಹೋಗಿ, ಶಸ್ತ್ರಚಿಕಿತ್ಸೆಯಾದವರಿಗೆ ದಾಖಲೆಯ ಪ್ರತಿ ಕೇಳುವ ಅರ್ಜಿಯನ್ನು ಬರೆದುಕೊಡಿರಿ.