ಪಾಚಿಯ ಮೇಲೊಂದು ರಬ್ಬರ್ ಕಪ್ಪೆ

ಮಕ್ಕಳೇ, ಈ ವಾರ ಮೀನಿನ ಮಾತು. ಅಜ್ಜ ಅಜ್ಜಿಯರೂ ಪಕ್ಕದಲ್ಲಿ ಕೂತು ಕೇಳಬಹುದು. ಚಿಕ್ಕಂದಿನಲ್ಲಿ ಕೆರೆ ದಂಡೆಯಲ್ಲಿ ಗಾಳ ಹಾಕಿ ಕೂತವರು ಅವರಲ್ಲಿ ಎಷ್ಟೋ ಮಂದಿ ಇದ್ದಾರು.

ಕಳೆದ ವರ್ಷ ನಾವಿಬ್ಬರು ಮುದುಕರು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಕೊಳ. ನಮ್ಮೂರ ಕೆರೆಯ ಕಾಲು ಭಾಗವೂ ಇಲ್ಲ. ದಡದ ಸುತ್ತ ಜೊಂಡು, ಅದರಾಚೆ ನೈದಿಲೆಯ ಎಲೆಗಳು, ಎಲೆಗಳ ನಡುವೆ ಚಾಪೆ ಹಾಸಿದಂತೆ ಹಸಿರು ಪಾಚಿ. ಆ ಚಾಪೆಯ ಅಡಿಯಲ್ಲಿ ಬಾಸ್ ಎಂಬ ಮೀನು.

ಹಸಿರು ಮೈ, ಪಕ್ಕೆಯ ಉದ್ದಕ್ಕೂ ಕಪ್ಪು ಪಟ್ಟೆ, ಕಣ್ಣು ದಾಟಿ ಹಿಂದಕ್ಕೆ ಸೀಳಿದ ಬಾಯಿ. ಅದಕ್ಕೇ ಅಲ್ಲಿಯವರು ಇದನ್ನು ಲಾರ್ಜ್‌ಮೌತ್ ಬಾಸ್, ಅಂದರೆ ದೊಡ್ಡಬಾಯಿಯ ಬಾಸ್ ಎನ್ನುತ್ತಾರೆ. ಇದುವರೆಗೆ ಗಾಳಕ್ಕೆ ಸಿಕ್ಕ ಅತಿ ದೊಡ್ಡ ಬಾಸ್‌ಗಳಲ್ಲೊಂದು ಸಿಕ್ಕಿದ್ದು ಇದೇ ಜಾರ್ಜಿಯಾದಲ್ಲಿ. 1932ರ ಜೂನ್ 2ರಂದು ಜಾರ್ಜ್ ಪೆರ್ರಿ ಎಂಬ ಬಡ ರೈತ ಯುವಕ ಹಿಡಿದ ಆ ಮೀನು ಹತ್ತು ಕಿಲೋ ತೂಗಿತ್ತು. ತೂಕ ಬರೆಸಿ, ಮನೆಗೆ ಒಯ್ದು, ಎಲ್ಲರೂ ಅಡುಗೆ ಮಾಡಿ ಉಂಡರು! ಅದಕ್ಕೆ ಸರಿಸಮನಾದ ಮೀನು ಮತ್ತೆ ಸಿಕ್ಕಿದ್ದು 2009ರಲ್ಲಿ, ಜಪಾನಿನ ಬಿವಾ ಸರೋವರದಲ್ಲಿ.

ಈ ಕತೆ ಕೇಳಿದ ಮೇಲೆ ನನ್ನ ಹನ್ನೊಂದು ವರ್ಷದ ಮೊಮ್ಮಗಳು ಸುಮ್ಮನಿದ್ದಾಳೆಯೇ? ಕೂಡಿಟ್ಟ ದುಡ್ಡಿನಲ್ಲಿ ಗಾಳದ ಕೋಲು, ದಾರ ಸುತ್ತುವ ರೀಲು, ಹೊಳೆಯುವ ಮೂರು ಆಟಿಕೆ ಮೀನುಗಳನ್ನು ಕೊಂಡಳು. ಎರೆಹುಳು ಚುಚ್ಚುವ ಬದಲು ಹೀಗೆ ಹುಸಿ ಎರೆ ಕಟ್ಟಿ ಮೀನನ್ನು ಮರುಳು ಮಾಡುವುದು ಅಲ್ಲಿ ಬಹಳ ರೂಢಿ. ಹದಿನಾರು ವರ್ಷದೊಳಗಿನ ಮಕ್ಕಳು ಅಲ್ಲಿ ಲೈಸೆನ್ಸ್ ಇಲ್ಲದೆ ಗಾಳ ಹಾಕಬಹುದು. ದೊಡ್ಡವರಿಗೆ ಲೈಸೆನ್ಸ್ ಬೇಕು. ನಾನು ಮಾಡಿಸಿರಲಿಲ್ಲ. ಹಾಗಾಗಿ ಕೋಲು ಅವಳ ಕೈಯಲ್ಲಿ, ಬುದ್ಧಿವಾದ ನನ್ನ ಬಾಯಲ್ಲಿ.

ಮೊದಲ ದಿನವೇ ಎರಡು ಆಟಿಕೆ ಮೀನು ಹೋದವು. ಒಂದೊಂದರ ಹೊಟ್ಟೆಯಡಿಯಲ್ಲೂ ಮೂರು ಕವಲಿನ ಕೊಕ್ಕೆ. ಎಸೆದ ಕೂಡಲೇ ಅದು ಪಾಚಿಗೆ ಸಿಕ್ಕಿಕೊಳ್ಳುತ್ತಿತ್ತು. ಎಳೆದರೆ ಒಂದು ಬುಟ್ಟಿ ಕಳೆ ಬರುತ್ತಿತ್ತು, ಇಲ್ಲವೇ ದಾರ ಪಟ್ಟನೆ ಹರಿಯುತ್ತಿತ್ತು. ಎರಡನೆಯದು ಹೋದಾಗ ಅವಳು ಕೋಲು ಕೆಳಗಿಟ್ಟು ಹುಲ್ಲಿನ ಮೇಲೆ ಕೂತುಬಿಟ್ಟಳು.

"ಅಜ್ಜ, ಈ ಕಳೆಯನ್ನೆಲ್ಲ ಯಾರಾದ್ರೂ ತೆಗೀಬಾರ್ದಾ?"

"ತೆಗೆದರೆ ಮೀನೂ ಹೋಗ್ತದೆ ಪುಟ್ಟಿ. ಅದು ಅದರ ಮನೆ" ಎಂದೆ.

ಬಾಸ್ ಅಟ್ಟಿಸಿಕೊಂಡು ಹೋಗಿ ಬೇಟೆಯಾಡುವುದಕ್ಕಿಂತ ಹೊಂಚು ಹಾಕುವುದೇ ಹೆಚ್ಚು. ಎಲೆಯ ನೆರಳಿನಲ್ಲಿ ಅಲುಗದೆ ನಿಂತಿರುತ್ತದೆ. ಸಣ್ಣ ಮೀನೋ ಕಪ್ಪೆಯೋ ಹತ್ತಿರ ಬಂದರೆ ಬಾಯನ್ನು ಒಮ್ಮೆಗೇ ಅಗಲಿಸುತ್ತದೆ. ನೀರಿನೊಂದಿಗೆ ಬೇಟೆಯೂ ಒಳಗೆ. ಪಾಚಿಯಡಿಯ ಮಬ್ಬಿನಲ್ಲಿ ಕಣ್ಣಿಗೆ ಕಾಣದಿದ್ದರೂ ಮೈಯ ಎರಡೂ ಪಕ್ಕೆಗಳಲ್ಲಿರುವ ಪಾರ್ಶ್ವರೇಖೆಯಿಂದ ನೀರಿನ ಸಣ್ಣ ಅಲುಗಾಟವೂ ಅದಕ್ಕೆ ತಿಳಿಯುತ್ತದೆ. ಹಾಗಾದರೆ ಕೊಳವನ್ನು ನಮಗೆ ಬೇಕಾದಂತೆ ಮಾಡುವುದಲ್ಲ. ಕೊಳಕ್ಕೆ ಬೇಕಾದಂತೆ ನಮ್ಮ ಎರೆಯನ್ನು ಮಾಡಬೇಕು.

ಅಂದು ರಾತ್ರಿ ಊಟದ ಮೇಜಿನ ಮೇಲೆ ನಮ್ಮ ಕಾರ್ಖಾನೆ ತೆರೆಯಿತು. ಉಳಿದಿದ್ದ ಒಂದು ಆಟಿಕೆ ಮೀನಿನ ಮೂರು ಕವಲುಗಳಲ್ಲಿ ಮುಂದಕ್ಕೆ ಚಾಚಿದ್ದ ಒಂದನ್ನು ಮಗ ಇಕ್ಕಳದಿಂದ ಕತ್ತರಿಸಿದ. ಕಳೆಗೆ ಮೊದಲು ಸಿಕ್ಕುವುದು ಅದೇ. ಇನ್ನೊಂದು ಒಂಟಿ ಕೊಕ್ಕೆಗೆ ಸಣ್ಣ ರಬ್ಬರ್ ಬ್ಯಾಂಡ್ ಕಟ್ಟಿದೆವು. ಅದರ ಒಂದು ತುದಿ ದಾರ ಪೋಣಿಸುವ ಕಣ್ಣಿನಲ್ಲಿ, ಇನ್ನೊಂದು ತುದಿ ಕೊಕ್ಕೆಯ ಮೊನೆಯ ಮೇಲೆ. ಕಳೆ ತಾಗಿದರೆ ಬ್ಯಾಂಡಿನ ಮೇಲೆ ಜಾರಿ ಹೋಗುತ್ತದೆ. ಮೀನು ಕಚ್ಚಿದರೆ ಬ್ಯಾಂಡು ಕಳಚಿ ಮೊನೆ ಹೊರಬರುತ್ತದೆ.

ಮಗ ಒಂದು ಪ್ಲಾಸ್ಟಿಕ್ ಹುಳುವನ್ನೂ ತಂದಿದ್ದ. ಅದಕ್ಕೂ ಒಂದು ಕತೆಯಿದೆ. ಒಹಾಯೋ ರಾಜ್ಯದ ಆಕ್ರನ್ ಊರಿನ ನಿಕ್ ಕ್ರೀಮ್ ಎಂಬಾತ 1949ರಲ್ಲಿ ತನ್ನ ಮನೆಯ ಅಡುಗೆಮನೆಯಲ್ಲೇ ಪ್ಲಾಸ್ಟಿಕ್ ಕರಗಿಸಿ, ಬಣ್ಣ ಬೆರೆಸಿ, ಎರೆಹುಳುವಿನ ಅಚ್ಚಿಗೆ ಹೊಯ್ದು ಇಂಥ ಮೆತ್ತನೆಯ ಹುಳು ಮಾಡಿದ. ಮುಂದೆ ಟೆಕ್ಸಸ್ ಸೀಮೆಯ ಗಾಳಗಾರರು ಅದಕ್ಕೊಂದು ಉಪಾಯ ಸೇರಿಸಿದರು. ಕೊಕ್ಕೆಯ ಮೊನೆಯನ್ನು ಹುಳುವಿನ ತಲೆಗೆ ಚುಚ್ಚಿ, ಸ್ವಲ್ಪ ಕೆಳಗೆ ಹೊರತೆಗೆದು, ತಿರುಗಿಸಿ, ಮತ್ತೆ ಹುಳುವಿನ ಹೊಟ್ಟೆಯೊಳಗೇ ಅಡಗಿಸಿಡುವುದು. ಇದಕ್ಕೆ ಟೆಕ್ಸಸ್ ರಿಗ್ ಎಂದೇ ಹೆಸರು. ಹುಳು ನೆಟ್ಟಗಿರಬೇಕು. ಸೊಟ್ಟಗಿದ್ದರೆ ನೀರಿನಲ್ಲಿ ಗಿರಗಿರ ತಿರುಗಿ ದಾರ ಗಂಟಾಗುತ್ತದೆ. ಎಲೆಗಳ ಸಂದಿಯಲ್ಲಿ ಮೆಲ್ಲನೆ ಇಳಿಯಬೇಕಾದರೆ ತೂಕ ಬೇಡ. ದಪ್ಪ ಪಾಚಿ ಸೀಳಿ ಕೆಳಗೆ ಹೋಗಬೇಕಾದರೆ ಗುಂಡಿನಾಕಾರದ ತೂಕವೊಂದನ್ನು ಹುಳುವಿನ ಮುಂದೆ ಪೋಣಿಸಬೇಕು.

ಪಾಚಿಯ ಮೇಲೆಯೇ ಓಡಾಡುವ ಎರೆ ಬೇಕಿದ್ದರೆ? ಅದಕ್ಕೆ ರಬ್ಬರ್ ಕಪ್ಪೆ. ಒಳಗೆ ಟೊಳ್ಳು. ಎರಡು ಕೊಕ್ಕೆಗಳು ಬೆನ್ನಿಗೆ ಅಂಟಿಕೊಂಡು ಮಲಗಿರುತ್ತವೆ. ಮೀನು ಕಚ್ಚಿದಾಗ ಮೈ ಅಮುಕಿ ಕೊಕ್ಕೆ ಎದ್ದು ನಿಲ್ಲುತ್ತದೆ. ಹಿಂದೆ ಜೋಲುವ ದಾರದ ಕಾಲುಗಳು ತೀರಾ ಉದ್ದವಾಗಿದ್ದವು. ಮೀನು ಕಾಲನ್ನಷ್ಟೇ ಕಚ್ಚಿ ಬಿಡಬಾರದೆಂದು ಅವನ್ನು ಕತ್ತರಿಯಿಂದ ಒಂದಿಂಚು ಮೊಟಕು ಮಾಡಿದೆವು.

ಆ ಕಪ್ಪೆಯನ್ನು ಕೈಯಲ್ಲಿ ಹಿಡಿದಾಗ ನನಗೆ ನಮ್ಮೂರು ನೆನಪಾಯಿತು.

"ನಾವೂ ಕಪ್ಪೆ ಕಟ್ಟಿಯೇ ಕುಚ್ಚುಮೀನು ಹಿಡೀತಿದ್ವಿ" ಎಂದೆ. "ಕೆರೆಯ ಕಳೆಯೊಳಗೆ ಅದೂ ಹೀಗೇ ಹೊಂಚು ಹಾಕ್ತದೆ."

"ರಬ್ಬರ್ ಕಪ್ಪೆ ಅಲ್ಲಿ ಸಿಗ್ತಿತ್ತಾ ಅಜ್ಜ?"

"ರಬ್ಬರ್‌ದಲ್ಲ. ಜೀವಂತ ಕಪ್ಪೆ. ತೊಡೆಗೆ ಕೊಕ್ಕೆ ಚುಚ್ಚಿ ನೀರಿಗೆ ಬಿಡ್ತಿದ್ವಿ. ಅದು ಕಾಲು ಬಡೀಬೇಕಲ್ಲ, ಆಗ ಮೀನು ಬರ್ತದೆ."

ಅವಳು ಕತ್ತರಿ ಕೆಳಗಿಟ್ಟಳು. "ಅದು ಎಷ್ಟು ಹೊತ್ತು ಬದುಕಿರ್ತಿತ್ತು?"

ಮಕ್ಕಳೇ, ನನಗೀಗ ಎಪ್ಪತ್ತೆರಡು. ಆ ಪ್ರಶ್ನೆಯನ್ನು ಅಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. "ಕೆಲವು ಸಲ ಬೆಳಗಿನಿಂದ ಸಂಜೆತನಕ" ಎಂದೆ. ಸುಳ್ಳು ಹೇಳಬಹುದಿತ್ತು. ಮನಸ್ಸಾಗಲಿಲ್ಲ.

ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ ಕೊಕ್ಕೆಯ ತುದಿ ನೋಡಿ, "ಮೀನಿಗೂ ನೋವಾಗತ್ತೆ ಅಲ್ವಾ?" ಎಂದಳು. ಆಗುತ್ತದೆ ಎಂದೆ. ಕೊಕ್ಕೆಯ ಮೊನೆಯ ಹಿಂದೆ ಒಂದು ಸಣ್ಣ ಮುಳ್ಳಿರುತ್ತದೆ, ಮೀನು ಕಳಚಿಕೊಳ್ಳದಿರಲೆಂದು. ಅದನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದರೆ ಕೊಕ್ಕೆ ಸುಲಭವಾಗಿ ಬಿಡಿಸಬಹುದು. ದಾರ ಸಡಿಲ ಬಿಟ್ಟರೆ ಮೀನು ತಪ್ಪಿಸಿಕೊಳ್ಳುವುದೂ ಸುಲಭ. "ತಪ್ಪಿಸಿಕೊಂಡ್ರೆ ತಪ್ಪಿಸಿಕೊಳ್ಳಲಿ" ಎಂದು ಅವಳೇ ಕೂತು ಎಲ್ಲ ಮುಳ್ಳುಗಳನ್ನೂ ಒತ್ತಿಸಿದಳು. ಹಳೆಯ ದಾರ ತೆಗೆದು ಗಟ್ಟಿಯಾದ ಹೆಣೆದ ದಾರ ಹಾಕಿಸಿದಳು. ಹರಿದ ದಾರ ನೀರಲ್ಲಿ ಉಳಿದರೆ ಆಮೆ, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ ಎಂದು ಮಗ ಹೇಳಿದ್ದ.

ಮರುದಿನ ಬಿಸಿಲೇರುವ ಮೊದಲೇ ಮೂವರೂ ಕೊಳದ ಬಳಿ ಇದ್ದೆವು. ಕಪ್ಪೆ ಪಾಚಿಯ ಮೇಲೆ ಬಿತ್ತು. ಅವಳು ಕೋಲಿನ ತುದಿಯನ್ನು ಸಣ್ಣಗೆ ಅಲುಗಿಸಿದಳು. ಕಪ್ಪೆ ಎರಡು ಹೆಜ್ಜೆ ಕುಪ್ಪಳಿಸಿ ಎಲೆಯೊಂದರ ಅಂಚಿನಲ್ಲಿ ನಿಂತಿತು. ಢಬ್ ಎಂದು ಪಾಚಿ ಮೇಲೆದ್ದಿತು. ಅವಳು ಗಾಬರಿಯಾಗಿ ಎಳೆದಳು. ಬರಿಯ ಕಪ್ಪೆ ಹಾರಿ ಬಂದು ನನ್ನ ಟೋಪಿಗೆ ಬಡಿಯಿತು.

"ಅವಸರ ಮಾಡ್ಬೇಡ. ಅದು ಬಾಯಿ ಮುಚ್ಚಲಿ. ಒಂದು, ಎರಡು ಎಣಿಸು. ಆಮೇಲೆ ಎಳಿ" ಎಂದೆ. ಒಳಗೆ ನೀರು ಹೊಕ್ಕಿದ್ದ ಕಪ್ಪೆಯನ್ನು ಹಿಂಡಿ ಮತ್ತೆ ಕೊಟ್ಟೆ.

ಏಳೆಂಟು ಸಲ ಎಸೆದ ಮೇಲೆ ಮತ್ತೆ ಢಬ್ ಎಂದಿತು. ಮನೆಯಲ್ಲಿ ಇಂಗ್ಲಿಷಿನಲ್ಲೇ ಲೆಕ್ಕ ಮಾಡುವ ಹುಡುಗಿ ಗಟ್ಟಿಯಾಗಿ "ಒಂದು... ಎರಡು..." ಎಂದು ಎಣಿಸಿ ಎಳೆದಳು. ಕೋಲು ಬಾಗಿತು. ಕಳೆಯ ಮುದ್ದೆಯೊಂದು ದಡಕ್ಕೆ ಬಂತು. ಅದರೊಳಗೆ ಒಂದು ಕಿಲೋ ತೂಗಬಹುದಾದ ಬಾಸ್.

ಮಗ ಕೈ ಒದ್ದೆ ಮಾಡಿಕೊಂಡು ಅದರ ಕೆಳದವಡೆ ಹಿಡಿದ. ಒಣಗೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತುಹೋಗಿ ಮೀನಿಗೆ ರೋಗ ತಗಲುತ್ತದೆ. ಕೊಕ್ಕೆ ಸಲೀಸಾಗಿ ಬಿಟ್ಟಿತು. ಮೊಮ್ಮಗಳು ಎರಡೂ ಕೈಯಲ್ಲಿ ಅದನ್ನು ನೀರಿನೊಳಗೆ ಹಿಡಿದುಕೊಂಡಳು. ಕಿವಿರು ಎರಡು ಸಲ ತೆರೆದು ಮುಚ್ಚಿತು. ಬಾಲ ಬೀಸಿ ಅವಳ ಮುಖಕ್ಕೆ ನೀರು ಹಾರಿಸಿ ಎಲೆಯಡಿಗೆ ಹೊರಟುಹೋಯಿತು.

ನಾವು ಊರಿಗೆ ಹೊರಟ ದಿನ ಆ ರಬ್ಬರ್ ಕಪ್ಪೆಯನ್ನು, ಕೊಕ್ಕೆ ಬಿಚ್ಚಿ, ನನ್ನ ಕೈಚೀಲದಲ್ಲಿ ಹಾಕಿದಳು. "ನಿನ್ನ ಕೆರೆಗೆ ಅಜ್ಜ. ಇನ್ನು ಬೇರೆ ಕಪ್ಪೆ ಹಿಡೀಬೇಡ." ಈಗ ಅದು ನಮ್ಮ ಜಗುಲಿಯ ಗೂಡಿನಲ್ಲಿ ಕೂತಿದೆ. ಪಕ್ಕದ ಮನೆಯ ಹುಡುಗರು ಈ ಭಾನುವಾರ ಅದನ್ನು ಕೆರೆಗೆ ಒಯ್ಯೋಣ ಎನ್ನುತ್ತಿದ್ದಾರೆ. ಹೊಸ ಕೊಕ್ಕೆ ತಂದಿಟ್ಟಿದ್ದೇನೆ. ಮುಳ್ಳು ಒತ್ತಬೇಕು, ಅಷ್ಟೆ.

ನಿಮ್ಮ ಮನೆಯ ಅಜ್ಜನನ್ನೂ ಕೇಳಿ ನೋಡಿ, ಅವರು ಯಾವ ಎರೆ ಕಟ್ಟುತ್ತಿದ್ದರು ಎಂದು. ನೀರಿನ ಹತ್ತಿರ ಹೋಗುವಾಗ ಮಾತ್ರ ಅವರನ್ನೂ ಕರೆದುಕೊಂಡೇ ಹೋಗಿ.