ಹಾಲು ಬತ್ತಿಸುವ ಮಾತ್ರೆ ಬರೆದವರಿಗೆ

ಮಗುವನ್ನು ಮನೆಗೆ ಕಳಿಸಿ, ಹಾಲು ನಿಲ್ಲಿಸಿ. ಬಾಣಂತಿಯೊಬ್ಬಳು ಮಾನಸಿಕ ವಾರ್ಡಿಗೆ ದಾಖಲಾದರೆ ಅನೇಕ ಕಡೆ ಈ ಎರಡು ಮಾತಿನಲ್ಲಿ ಅವಳ ತಾಯ್ತನದ ವಿಚಾರಣೆ ಮುಗಿದುಹೋಗುತ್ತದೆ. ಕೊಡಲಿರುವ ಔಷಧ ಎಷ್ಟು ಹಾಲಿಗೆ ಸೇರುತ್ತದೆ, ಮಗು ದಿನ ತುಂಬಿ ಹುಟ್ಟಿದ್ದೋ ಇಲ್ಲವೋ, ಹಾಲೂಡಿಸುವ ಆಸೆ ಆಕೆಗೆ ಇದೆಯೋ ಇಲ್ಲವೋ, ಯಾರೂ ಕೇಳುವುದಿಲ್ಲ. ಗಂಡ ತಲೆಯಾಡಿಸುತ್ತಾನೆ. ಅತ್ತೆ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿಯುತ್ತಾಳೆ. ದಾರಿಯಲ್ಲಿ ಮೆಡಿಕಲ್ ಶಾಪಿನಿಂದ ಹಾಲಿನ ಪುಡಿಯ ಡಬ್ಬಿ ಬರುತ್ತದೆ. ಕೇಸ್ ಶೀಟಿನಲ್ಲಿ ಇದಕ್ಕೆ ಮುನ್ನೆಚ್ಚರಿಕೆ ಎಂಬ ಗೌರವದ ಹೆಸರಿದೆ. ಬಹಳಷ್ಟು ಸಲ ಇದು ಬರೀ ಸೋಮಾರಿತನ.

ಬಾಣಂತಿ ಸನ್ನಿ ನಮ್ಮ ಅಜ್ಜಿಯರಿಗೂ ಗೊತ್ತಿದ್ದ ಕಾಯಿಲೆ. ಸಾವಿರ ಹೆರಿಗೆಗೆ ಒಬ್ಬರಿಗೋ ಇಬ್ಬರಿಗೋ, ಹೆಚ್ಚಾಗಿ ಮೊದಲ ಎರಡು ವಾರದೊಳಗೆ ಬರುತ್ತದೆ. ನಿದ್ದೆ ಹಾರಿಹೋಗುತ್ತದೆ, ಮಾತು ಎಲ್ಲೆಲ್ಲಿಗೋ ಓಡುತ್ತದೆ. ಇದು ನನ್ನ ಮಗುವೇ ಅಲ್ಲ, ಯಾರೋ ಬದಲಾಯಿಸಿದ್ದಾರೆ ಎನ್ನುತ್ತಾಳೆ. ಇಲ್ಲವೇ ಮಗು ದೇವರ ಅವತಾರ ಎನ್ನುತ್ತಾಳೆ. ಹೆದರಬೇಕಾದ ಕಾಯಿಲೆಯೇ ಸರಿ. ಕೂಸಿನ ಜೀವಕ್ಕೂ ಅವಳ ಜೀವಕ್ಕೂ ಅಪಾಯವಿರುವ ದಿನಗಳು ಇದ್ದೇ ಇವೆ. ಆದರೆ ಬೇಗ ಹಿಡಿದು ಚಿಕಿತ್ಸೆ ಕೊಟ್ಟರೆ ಚೆನ್ನಾಗಿ ಗುಣವಾಗುವ ಕಾಯಿಲೆಯೂ ಹೌದು. ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ, ಬಹುಪಾಲು ಹೆಂಗಸರು ಮೊದಲಿನಂತಾಗಿ ಎದ್ದು ಕೂರುತ್ತಾರೆ. ಎದ್ದು ಕೂತವಳು ನನ್ನ ಮಗು ಎಲ್ಲಿ ಎಂದಾಗ ಏನು ಹೇಳುತ್ತೀರಿ? ಮಗು ಊರಲ್ಲಿದೆ, ಬಾಟಲಿಗೆ ಒಗ್ಗಿದೆ, ನಿನ್ನ ಎದೆಯನ್ನು ನಾವೇ ಬತ್ತಿಸಿದ್ದೇವೆ, ಇನ್ನು ಮನೆಗೆ ಹೋಗಿ ಒಳ್ಳೆಯ ತಾಯಿಯಾಗು ಎಂದೇ?

ಬತ್ತಿಸುವ ಆ ಮಾತ್ರೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಾಲು ನಿಲ್ಲಿಸಲು ಕೊಡುವ ಕ್ಯಾಬರ್ಗೋಲಿನ್, ಬ್ರೋಮೋಕ್ರಿಪ್ಟಿನ್ ಎರಡೂ ಮಿದುಳಿನಲ್ಲಿ ಡೋಪಮೈನ್ ಮಾಡುವ ಕೆಲಸವನ್ನೇ ಮಾಡುತ್ತವೆ. ಸನ್ನಿಗೆ ಕೊಡುವ ಔಷಧಗಳು ಅದೇ ಡೋಪಮೈನಿನ ಕೆಲಸವನ್ನು ತಡೆಯುತ್ತವೆ. ಒಂದು ಕೈಯಲ್ಲಿ ಬೆಂಕಿಗೆ ನೀರು, ಇನ್ನೊಂದು ಕೈಯಲ್ಲಿ ಸೀಮೆಎಣ್ಣೆ. ಈ ಮಾತ್ರೆಗಳು ಸನ್ನಿಯನ್ನು ಕೆರಳಿಸಬಲ್ಲವು ಎಂಬುದು ವೈದ್ಯರಿಗೆ ಹೊಸ ಸುದ್ದಿಯಲ್ಲ, ಆದರೂ ಕೈ ತಾನಾಗಿ ಬರೆಯುತ್ತದೆ. ಹೆತ್ತ ಮಗು ತೀರಿಕೊಂಡಾಗ ಬಾಣಂತಿಯ ಎದೆಗೆ ಮಲ್ಲಿಗೆ ಹೂ ಕಟ್ಟಿ ಹಾಲು ಇಂಗಿಸುವ ಪದ್ಧತಿ ದಕ್ಷಿಣದಲ್ಲಿ ಹಿಂದಿನಿಂದಲೂ ಇದೆ. ಇಲ್ಲಿ ಮಗು ಬದುಕಿದೆ. ಹಸಿದಿದೆ.

ನಿಲ್ಲಿಸು ಎಂದ ಕೂಡಲೆ ಎದೆ ಕೇಳುವುದೂ ಇಲ್ಲ. ಹಾಲು ಕಟ್ಟಿಕೊಂಡು ಕಲ್ಲಾಗುತ್ತದೆ, ಜ್ವರ ಏರುತ್ತದೆ, ಕೆಲವರಿಗೆ ಕೀವು ತುಂಬುತ್ತದೆ. ಔಷಧದ ಮಂಪರಿನಲ್ಲಿರುವವಳು ಇಂಥಲ್ಲಿ ನೋಯುತ್ತಿದೆ ಎಂದು ಹೇಳಲಾರಳು. ಹೊರಳಾಡಿದರೆ, ಚೀರಿದರೆ, ರವಿಕೆ ಕಿತ್ತರೆ ಅದೆಲ್ಲ ಸನ್ನಿಯ ಖಾತೆಗೇ ಜಮಾ. ಇನ್ನೊಂದು ಇಂಜೆಕ್ಷನ್. ಎದೆ ಮುಟ್ಟಿ ನೋಡಿ ಎಂದು ಹೇಳಲು ಅವಳ ಪರವಾಗಿ ವಾರ್ಡಿನಲ್ಲಿ ಯಾರಿದ್ದಾರೆ?

ಔಷಧ ಹಾಲಿಗೆ ಬರುತ್ತದಲ್ಲ ಎನ್ನುತ್ತೀರಿ. ಬರುತ್ತದೆ. ಎಷ್ಟು ಎಂಬುದಕ್ಕೆ ಲೆಕ್ಕವಿದೆ. ದೇಹದ ತೂಕಕ್ಕೆ ಹೊಂದಿಸಿ ನೋಡಿದಾಗ ತಾಯಿಗೆ ಸೇರುವ ಪ್ರಮಾಣದ ಶೇ. 10ಕ್ಕಿಂತ ಕಡಿಮೆ ಮಗುವಿಗೆ ಸೇರುವುದಾದರೆ ಸಾಮಾನ್ಯವಾಗಿ ಹಾಲೂಡಿಸಬಹುದು ಎಂಬುದು ಔಷಧಶಾಸ್ತ್ರದ ರೂಢಿ. ಸರ್ಟ್ರಲೀನ್, ಒಲಾಂಜಪಿನ್ ಆ ಗೆರೆಗಿಂತ ಸಾಕಷ್ಟು ಕೆಳಗಿವೆ. ಕ್ಲೋಜಪಿನ್ ಆದರೆ ಬೇಡ. ಲಿಥಿಯಂ ಕೊಡಲೇಬೇಕಾದರೆ ಹಾಲಿನ ವಿಷಯದಲ್ಲಿ ಬಹಳ ಹುಷಾರು ಬೇಕು, ಮಗುವಿನ ರಕ್ತ ಪರೀಕ್ಷೆ ಬೇಕು. ಕರೆಂಟ್ ಚಿಕಿತ್ಸೆ ಕೊಟ್ಟರೂ ಅರಿವಳಿಕೆ ಇಳಿದು ಪೂರ್ತಿ ಎಚ್ಚರವಾದ ಮೇಲೆ ಮಗುವಿಗೆ ಹಾಲು ಕೊಡಬಹುದು. ಕೂಸು ಮಂಕಾಗಿದೆಯೇ, ಸರಿಯಾಗಿ ಚೀಪುತ್ತಿದೆಯೇ, ತೂಕ ಏರುತ್ತಿದೆಯೇ ಎಂದು ನೋಡಲು ಮಕ್ಕಳ ಡಾಕ್ಟರು ಬೇಕು, ನಿಜ. ಜಿಲ್ಲಾಸ್ಪತ್ರೆಯಲ್ಲಿ ಅವರು ಪಕ್ಕದ ಕಟ್ಟಡದಲ್ಲೇ ಇರುತ್ತಾರೆ. ಒಂದು ಫೋನು ಸಾಕು.

ರಾತ್ರಿ ನಿದ್ದೆ ಕೆಟ್ಟರೆ ಸನ್ನಿ ಉಲ್ಬಣಿಸುತ್ತದೆ ಎಂಬ ಮಾತು ಮಾತ್ರ ನೂರಕ್ಕೆ ನೂರು ಸರಿ. ಅದಕ್ಕೆ ಹಗಲಲ್ಲಿ ಹಿಂಡಿಟ್ಟ ಹಾಲನ್ನು ರಾತ್ರಿ ಅವಳ ಅವ್ವ ಒಳಲೆಯಲ್ಲಿ ಕುಡಿಸಲಿ, ಅವಳು ಮಲಗಲಿ. ಮಗುವನ್ನು ಹತ್ತಿರ ಬಿಡಲಾಗದ ದಿನಗಳಲ್ಲೂ ನರ್ಸಮ್ಮ ಮೂರು ನಾಲ್ಕು ಗಂಟೆಗೊಮ್ಮೆ ಹಾಲು ಹಿಂಡಿಸಿದರೆ ಎದೆ ಬತ್ತುವುದಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಅಟೆಂಡರ್ ಇಲ್ಲದೆ ರೋಗಿಯನ್ನು ಸೇರಿಸಿಕೊಳ್ಳುವುದೇ ಕಡಿಮೆ. ಊಟ ತರಲು, ಬಟ್ಟೆ ಒಗೆಯಲು, ಬಿಲ್ ಕಟ್ಟಲು ಆ ಅವ್ವ ಬೇಕು; ಅವಳ ಮಡಿಲಲ್ಲಿ ಮೊಮ್ಮಗು ಕೂತರೆ ಮಾತ್ರ ಶಿಸ್ತು ಕೆಡುತ್ತದೆ!

ಹಾಲು ಬೇಡ ಎನ್ನುವ ತಾಯಿಯೂ ಇರುತ್ತಾಳೆ. ದಣಿದವಳಿಗೆ ಬೇಡ ಎನ್ನುವ ಹಕ್ಕಿದೆ, ಅವಳ ತಲೆಯ ಮೇಲೆ ಎದೆಹಾಲಿನ ಭಾಷಣ ಸುರಿಯುವುದೂ ಕ್ರೌರ್ಯವೇ. ಆದರೆ ಅದನ್ನು ಹೇಳಬೇಕಾದವಳು ಅವಳು.

ಕಾನೂನು ಇಲ್ಲವೆಂದಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಮೂರು ವರ್ಷದೊಳಗಿನ ಮಗುವನ್ನು ದಾಖಲಾದ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಅಪಾಯವಿದೆ ಎಂದು ಮನೋವೈದ್ಯರು ಅವಳನ್ನು ಪರೀಕ್ಷಿಸಿ ಹೇಳಿದರೆ ಮಾತ್ರ ತಾತ್ಕಾಲಿಕವಾಗಿ ದೂರ ಇಡಬಹುದು. ಆಗಲೂ ಯಾರಾದರೂ ಜೊತೆಗಿದ್ದು ಮಗುವನ್ನು ಅವಳಿಗೆ ತೋರಿಸಬೇಕು. 15 ದಿನಕ್ಕೊಮ್ಮೆ ಆ ತೀರ್ಮಾನವನ್ನು ಮರುಪರಿಶೀಲಿಸಬೇಕು. ಅಗಲಿಕೆ ಸತತ 30 ದಿನ ದಾಟುವುದಾದರೆ ಮಾನಸಿಕ ಆರೋಗ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಮಕ್ಕಳಿಗೆ ಪ್ರವೇಶವಿಲ್ಲ ಎಂದು ಬಾಗಿಲಿಗೆ ಬೋರ್ಡು ನೇತುಹಾಕಿದ ವಾರ್ಡುಗಳು ಇದನ್ನು ಯಾವಾಗ ಓದಿದವು? ಜೈಲಿನಲ್ಲಿರುವ ತಾಯಿ ಆರು ವರ್ಷದವರೆಗೆ ಮಗುವನ್ನು ತನ್ನ ಜೊತೆ ಇಟ್ಟುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟು 2006ರಲ್ಲೇ ಹೇಳಿದೆ. ಕೊಲೆ ಆರೋಪ ಹೊತ್ತವಳಿಗೆ ಸಿಗುವುದು ಕಾಯಿಲೆ ಬಿದ್ದ ಬಾಣಂತಿಗೆ ಸಿಗುವುದಿಲ್ಲ. ಅವಳು ಯಾವ ಅಪರಾಧ ಮಾಡಿದ್ದಾಳೆ?

ಇದೆಲ್ಲ ವಿದೇಶದಲ್ಲಿ ಸರಿ, ನಮ್ಮಲ್ಲಿ ಆಗದು ಎನ್ನುವವರು ಹೊಸೂರು ರಸ್ತೆಗೆ ಒಮ್ಮೆ ಹೋಗಿ ಬರಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗು ಘಟಕ ನಡೆಯುತ್ತಿದೆ, ದೇಶದಲ್ಲಿ ಇಂಥದ್ದು ಅದೇ ಮೊದಲು. ಡಾ. ಪ್ರಭಾ ಚಂದ್ರ ಮತ್ತು ಅವರ ಜೊತೆಗಾರರು ಕಟ್ಟಿದ್ದು. ತಾಯಿ, ಮಗು, ಮನೆಯವರೊಬ್ಬರು ಒಟ್ಟಿಗೆ ಉಳಿಯುತ್ತಾರೆ. ಚಿಕಿತ್ಸೆ ನಡೆಯುತ್ತಲೇ ಅವಳು ಕೂಸನ್ನು ಎತ್ತಿಕೊಳ್ಳುವುದನ್ನು, ಆಡಿಸುವುದನ್ನು ಮತ್ತೆ ಕಲಿಯುತ್ತಾಳೆ. ಶುರುವಾದದ್ದು ಐದು ಹಾಸಿಗೆಗಳಿಂದ. ಕರ್ನಾಟಕದಲ್ಲಿ ವರ್ಷಕ್ಕೆ ಏನಿಲ್ಲವೆಂದರೂ 8 ಲಕ್ಷ ಹೆರಿಗೆಗಳು. ಸಾವಿರಕ್ಕೊಬ್ಬರು ಎಂದರೂ ಎಂಟುನೂರು ತಾಯಂದಿರು. ಬೀದರಿನವಳು, ಕೊಪ್ಪಳದವಳು, ಚಾಮರಾಜನಗರದ ಹಾಡಿಯವಳು, ಎಲ್ಲರೂ ಬೆಂಗಳೂರಿಗೇ ಬರಬೇಕೇ? 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯ ಸೇವೆಯನ್ನು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಒಯ್ದು ಇಡೀ ದೇಶಕ್ಕೆ ಮಾದರಿಯಾದ ರಾಜ್ಯ ಇದು. ಪ್ರತಿ ವರ್ಷ ಆಗಸ್ಟ್ ಮೊದಲ ವಾರ ಸ್ತನ್ಯಪಾನ ಸಪ್ತಾಹದ ಬ್ಯಾನರ್ ಕಟ್ಟಿ ಫೋಟೊ ತೆಗೆಸಿಕೊಳ್ಳುವ ಅಧಿಕಾರಿಗಳಿಗೆ ಅದೇ ಕಾಂಪೌಂಡಿನ ಮಾನಸಿಕ ವಾರ್ಡು ಕಾಣಿಸುವುದಿಲ್ಲ. ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಎರಡು ಹಾಸಿಗೆ, ಒಂದು ತೊಟ್ಟಿಲು, ಹಾಲು ಹಿಂಡಿಸಲು ಬಲ್ಲ ಒಬ್ಬ ನರ್ಸು: ಇಷ್ಟಕ್ಕೆ ಬಜೆಟ್ ಇಲ್ಲ ಎಂದರೆ ನಾನಂತೂ ನಂಬುವುದಿಲ್ಲ.

ಮನೆಯವರೇ, ಸುಮ್ಮನೆ ತಲೆಯಾಡಿಸಬೇಡಿ. ಬೇರ್ಪಡಿಸಿ ಎಂದವರು ಯಾರು, ಯಾವ ಕಾರಣಕ್ಕೆ ಎಂದು ಕೇಸ್ ಶೀಟಿನಲ್ಲಿ ಬರೆಸಿ ಸಹಿ ಹಾಕಿಸಿ. ತನ್ನ ಚಿಕಿತ್ಸೆಯ ದಾಖಲೆ ಪಡೆಯುವ ಹಕ್ಕು ಅದೇ ಕಾಯ್ದೆಯಲ್ಲಿ ಅವಳಿಗಿದೆ, ಸೇವೆಯಲ್ಲಿ ಲೋಪವಾದರೆ ದೂರು ಕೊಡುವ ಹಕ್ಕೂ ಇದೆ. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ಕೇಳಿ: ಕಳೆದ ವರ್ಷ ಈ ವಾರ್ಡಿಗೆ ಬಂದ ಬಾಣಂತಿಯರು ಎಷ್ಟು, ಅವರಿಂದ ದೂರವಾದ ಕೂಸುಗಳು ಎಷ್ಟು, ಹದಿನೈದನೇ ದಿನದ ಮರುಪರಿಶೀಲನೆಯ ಟಿಪ್ಪಣಿ ಎಲ್ಲಿ, ಮೂವತ್ತು ದಿನ ದಾಟಿದ್ದಕ್ಕೆ ಪ್ರಾಧಿಕಾರದ ಒಪ್ಪಿಗೆ ಪತ್ರ ಎಲ್ಲಿ. ಉತ್ತರ ಬರದಿದ್ದರೆ ಮೇಲ್ಮನವಿ ಹಾಕಿ.